ತೆರೆಯ ಮೇಲಿನ ನೀತಿಪಾಠ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಪಾಲಕರ ಹಾಗೂ ಧರ್ಮೋಪದೇಶಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ತುಂಬಿದ ಈ ಶುಭಸಂದರ್ಭದಲ್ಲಿ ಮಕ್ಕಳಿಗಾಗಿ ಶಾಶ್ವತವಾದ ಒಂದು ಕಾರ್ಯವನ್ನು ಕೈಗೊಳ್ಳಬೇಕೆಂದು ಉತ್ಸವ ಸಮಿತಿಯವರು ಆಲೋಚಿಸಿದ್ದಾರೆ. ಧರ್ಮೋಪದೇಶದ ಕೊಠಡಿಗೆ ಒಂದು ದೊಡ್ಡ ತೆರೆಯನ್ನೂ ಪ್ರೊಜೆಕ್ಟರ್ ಯಂತ್ರವನ್ನೂ ಒದಗಿಸುವುದೆಂದೂ, ವಾರಕ್ಕೊಂದರಂತೆ ಸದ್ಗುಣಗಳನ್ನು ಬೋಧಿಸುವ ಕಿರುಚಿತ್ರಗಳನ್ನು ತೋರಿಸುವುದೆಂದೂ ಅವರ ಸೂಚನೆ. ಈ ಬಗೆಗೆ ಉಪದೇಶಕರಾದ ನಮ್ಮ ಅಭಿಪ್ರಾಯವೇನೆಂದು ಕೇಳಲಾಯಿತು. ಬೇಕೆಂದರೆ ಹೊಸದರ ಮೋಹವೆಂದೂ ಬೇಡವೆಂದರೆ ಹಳೆಯದರ ಹಠವೆಂದೂ ತೋರುವುದು ಸಹಜ. ಆದುದರಿಂದ ಒಡನೆ ಉತ್ತರಿಸದೆ, ಇದೇ ಪ್ರಯೋಗವನ್ನು ನಮಗಿಂತ ಮುಂಚೆ, ನಮಗಿಂತ ಎಷ್ಟೋ ಪಾಲು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದೆವು. ಇದ್ದಾರೆ. ಎರಡನೆಯ ಮಹಾಯುದ್ಧ ಮುಗಿದ 1945ರಿಂದ ಸುಮಾರು 1970ರವರೆಗೆ ಅಮೆರಿಕದ ಶಾಲೆಗಳಲ್ಲಿ ಮಕ್ಕಳ ನಡತೆಯನ್ನು ತಿದ್ದುವುದಕ್ಕೆಂದೇ ತಯಾರಾದ ಸಣ್ಣ ಚಲನಚಿತ್ರಗಳು ಬಹಳ ಸಂಖ್ಯೆಯಲ್ಲಿ ಪ್ರದರ್ಶಿತವಾದವು. ಅವುಗಳಲ್ಲಿ ಅನೇಕವು ಉಳಿದುಬಂದಿವೆ. ಇಂದು ಯಾರು ಬೇಕಾದರೂ ನೋಡಬಹುದು. ಕಳೆದ ಕೆಲವು ತಿಂಗಳಲ್ಲಿ ನಾವು ಅವುಗಳಲ್ಲಿ ಒಂದಷ್ಟನ್ನು ಕುಳಿತು ನೋಡಿದೆವು. ನೋಡಿದುದನ್ನು ತಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಎರಡು ವರ್ಷಗಳ ಹಿಂದೆ ತಪಸ್ಸುಕಾಲದ ಒಂದು ಭಾನುವಾರ ನಮ್ಮಲ್ಲಿ ಇಬ್ಬರು ಉಪದೇಶಕರು ಬಾರದೆ ಹೋದುದರಿಂದ ಮೂರು ತರಗತಿಗಳ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂಡಿಸಿದೆವು. ಕೈಗೆ ಸಿಕ್ಕ ಒಂದು ನೀತಿಚಿತ್ರವನ್ನು ಹಚ್ಚಿಬಿಟ್ಟು, ನಾವು ಹಿಂದಿನ ಬೆಂಚಿನಲ್ಲಿ ಹಾಜರಿ ಪುಸ್ತಕ ಬರೆಯುತ್ತ ಕುಳಿತೆವು. ದಾರಿಯಲ್ಲಿ ಸಿಕ್ಕಿದ ಹಣದ ಚೀಲವನ್ನು ಬಡ ಹುಡುಗನೊಬ್ಬನು ಒಡೆಯನಿಗೆ ಮರಳಿಸುತ್ತಾನೆ. ಒಡೆಯನು ಮೆಚ್ಚಿ ಅವನಿಗೊಂದು ಸೈಕಲ್ ಕೊಡಿಸುತ್ತಾನೆ. ಅಲ್ಲಿಗೆ ಚಿತ್ರ ಮುಗಿಯಿತು. ದೀಪ ಹಾಕಿದ ಕೂಡಲೆ ಐದನೆಯ ತರಗತಿಯ ಬಾಲಕನೊಬ್ಬನು ಎದ್ದು ನಿಂತು, "ಆ ಮನುಷ್ಯ ಸೈಕಲ್ ಕೊಡದೇ ಇದ್ದಿದ್ದರೆ?" ಎಂದು ಕೇಳಿದನು. ಹೊತ್ತಾಯಿತು, ಸಾಲಾಗಿ ಹೊರಡಿ ಎಂದೆವು. ಮಕ್ಕಳು ಹೊರಟರು. ಆ ಪ್ರಶ್ನೆ ಮಾತ್ರ ಕೊಠಡಿಯಲ್ಲಿಯೇ ಉಳಿಯಿತು. ಅಮೆರಿಕದ ಹಳೆಯ ಚಿತ್ರಗಳನ್ನು ನೋಡುವಾಗಲೆಲ್ಲ ಅದು ನಮ್ಮ ಕಿವಿಯಲ್ಲಿ ಮೊಳಗುತ್ತಿತ್ತು.

ಚಿತ್ರಗಳಿಗೆ ಬರುವ ಮುನ್ನ, ಅವುಗಳಿಗಿಂತ ಹಿಂದಿನ ಒಂದು ಸಂಶೋಧನೆಯನ್ನು ಇಲ್ಲಿ ಹೇಳುವುದು ಅವಶ್ಯ. ಉಪದೇಶಕರಾದ ನಮಗೆ ಅದು ಕಹಿಯಾದ ಔಷಧಿ. 1920ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಹ್ಯೂ ಹಾರ್ಟ್‌ಷಾರ್ನ್ ಮತ್ತು ಮಾರ್ಕ್ ಮೇ ಎಂಬ ವಿದ್ವಾಂಸರು ಹತ್ತು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷಿಸಿದರು. ಅವರ ಉಪಾಯಗಳು ಬಲು ಚತುರವಾಗಿದ್ದವು. ಮಕ್ಕಳು ಬರೆದ ಉತ್ತರಗಳನ್ನು ಅವರಿಗೆ ತಿಳಿಯದಂತೆ ನಕಲು ಮಾಡಿಟ್ಟುಕೊಂಡು, ಮರುದಿನ ಮೂಲ ಹಾಳೆಗಳನ್ನೂ ಸರಿಯುತ್ತರಗಳ ಪಟ್ಟಿಯನ್ನೂ ಮಕ್ಕಳ ಕೈಗೇ ಕೊಟ್ಟು, ನೀವೇ ಅಂಕ ಹಾಕಿಕೊಳ್ಳಿ ಎನ್ನುತ್ತಿದ್ದರು. ಯಾರು ಯಾವ ಉತ್ತರವನ್ನು ತಿದ್ದಿಕೊಂಡರೆಂಬುದು ನಕಲು ಪ್ರತಿಯಿಂದ ಬಯಲಾಗುತ್ತಿತ್ತು. ಫಲಿತಾಂಶಗಳು 1928ರಿಂದ 1930ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟವಾದವು. ಒಂದು ಸಂದರ್ಭದಲ್ಲಿ ಪ್ರಾಮಾಣಿಕನಾದ ಮಗು ಇನ್ನೊಂದರಲ್ಲಿ ಮೋಸಮಾಡುವುದು ಸಾಮಾನ್ಯವೆಂದೂ, ಭಾನುವಾರದ ಧರ್ಮಶಾಲೆಗೆ ಹೋಗುವುದಕ್ಕೂ ಪ್ರಾಮಾಣಿಕತೆಗೂ ಹೇಳಿಕೊಳ್ಳುವಂಥ ಸಂಬಂಧ ಕಾಣುವುದಿಲ್ಲವೆಂದೂ ಅವರು ಕಂಡುಕೊಂಡರು. ಈ ಮಾತನ್ನು ಓದಿದ ದಿನ ನಾವು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತುದುಂಟು. ಆದರೆ ಅವರು ಮತ್ತೊಂದು ಸಂಗತಿಯನ್ನೂ ಗುರುತಿಸಿದ್ದರು. ಮಕ್ಕಳ ಪ್ರಾಮಾಣಿಕತೆಯು ತರಗತಿಯಿಂದ ತರಗತಿಗೆ ವ್ಯತ್ಯಾಸವಾಗುತ್ತಿತ್ತು; ಉಪಾಧ್ಯಾಯರಿಗೂ ಮಕ್ಕಳಿಗೂ ಸೌಹಾರ್ದ ಸಂಬಂಧವಿದ್ದ ಕಡೆ ಮೋಸ ಕಡಮೆಯಿತ್ತು. ಪಾಠಕ್ಕಿಂತ ಪಾಠ ಹೇಳುವವರ ಬಗೆ ಹೆಚ್ಚು ಕೆಲಸ ಮಾಡಿತ್ತೆಂದು ಇದನ್ನು ಅರ್ಥಮಾಡಿಕೊಳ್ಳಬಹುದು. ಇದೇ ಮಾರ್ಕ್ ಮೇ ಅವರು 1930ರ ದಶಕದಲ್ಲಿ ಹಾಲಿವುಡ್ಡಿನ ಕಥಾಚಿತ್ರಗಳಿಂದ ತುಣುಕುಗಳನ್ನು ಆಯ್ದು, ತರಗತಿಯಲ್ಲಿ ಚರ್ಚೆಗೆ ಒದಗಿಸುವ ಚಿತ್ರಮಾಲೆಯೊಂದರ ಸಿದ್ಧತೆಯಲ್ಲಿ ಪಾಲುಗೊಂಡರು.

ಧರ್ಮಸಭೆಯೂ ಆ ವೇಳೆಗೆ ಚಲನಚಿತ್ರದ ಶಕ್ತಿಯನ್ನು ಮನಗಂಡಿತ್ತು. 1936ರ ಜೂನ್ 29ರಂದು ಜಗದ್ಗುರು ಹನ್ನೊಂದನೆಯ ಪಿಯೂಸರು ಅಮೆರಿಕದ ಧರ್ಮಾಧ್ಯಕ್ಷರನ್ನು ಉದ್ದೇಶಿಸಿ ಬರೆದ 'ವಿಜಿಲಾಂತಿ ಕೂರಾ' ಎಂಬ ಪರಿಪತ್ರವು, ಜನಸಾಮಾನ್ಯರ ಮನಸ್ಸನ್ನು ತಿದ್ದುವುದಕ್ಕಾಗಲಿ ಕೆಡಿಸುವುದಕ್ಕಾಗಲಿ ಚಲನಚಿತ್ರಕ್ಕೆ ಸಮನಾದ ಸಾಧನವಿಲ್ಲವೆಂಬ ಅಭಿಪ್ರಾಯವನ್ನು ಮುಂದಿಟ್ಟಿತು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಸಂಪರ್ಕ ಮಾಧ್ಯಮಗಳ ಬಗೆಗೆ ಹೊರಡಿಸಿದ ಆಜ್ಞಾಪತ್ರವು ಅದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋಯಿತು. ಆದುದರಿಂದ ದೇವಾಲಯದ ಕೊಠಡಿಯಲ್ಲಿ ತೆರೆ ಕಟ್ಟುವುದು ಸರಿಯೇ ಎಂಬ ಸಂಶಯಕ್ಕೆ ಇಲ್ಲಿ ಎಡೆಯಿಲ್ಲ.

ಯುದ್ಧಾನಂತರ ಅಮೆರಿಕದಲ್ಲಿ ಈ ಚಿತ್ರಗಳು ಹುಟ್ಟಿದುದಕ್ಕೆ ಕಾರಣಗಳು ಹಲವು. ಯುದ್ಧಕಾಲದಲ್ಲಿ ತಂದೆ ರಣರಂಗದಲ್ಲಿಯೂ ತಾಯಿ ಕಾರ್ಖಾನೆಯಲ್ಲಿಯೂ ಇದ್ದ ಎಷ್ಟೋ ಮನೆಗಳ ಮಕ್ಕಳು ತಮ್ಮಷ್ಟಕ್ಕೆ ತಾವೇ ಬೆಳೆದಿದ್ದರು. ಬಾಲಾಪರಾಧದ ಭಯ ಸಮಾಜದಲ್ಲಿ ಹಬ್ಬಿತ್ತು. ಸೈನಿಕರಿಗೆ ಚಿತ್ರಗಳ ಮೂಲಕ ತರಬೇತಿ ಕೊಟ್ಟ ಅನುಭವವಿತ್ತು. 1945ರಲ್ಲಿ ಚಾರ್ಲ್ಸ್ ಪ್ರಾಸರ್ ಎಂಬ ಶಿಕ್ಷಣತಜ್ಞರು, ಪ್ರೌಢಶಾಲೆಯ ನೂರು ಮಕ್ಕಳಲ್ಲಿ ಇಪ್ಪತ್ತು ಮಂದಿ ಕಾಲೇಜಿಗೂ ಇಪ್ಪತ್ತು ಮಂದಿ ಕಸುಬಿನ ಶಿಕ್ಷಣಕ್ಕೂ ಹೋದರೆ ಮಿಕ್ಕ ಅರುವತ್ತು ಮಂದಿಗೆ ಶಾಲೆ ಏನನ್ನೂ ಕೊಡುತ್ತಿಲ್ಲವೆಂದು ಸಾರಿ, ಬದುಕಿಗೆ ಹೊಂದಿಕೊಳ್ಳುವ ಶಿಕ್ಷಣ ಬೇಕೆಂದರು. ಹೊಂದಿಕೊಳ್ಳುವಿಕೆ: ಈ ಶಬ್ದವನ್ನು ತಾವು ನೆನಪಿನಲ್ಲಿಡಬೇಕು. ಆ ಚಿತ್ರಗಳ ಬಲವೂ ಬಲಹೀನತೆಯೂ ಅದರಲ್ಲಿಯೇ ಅಡಗಿವೆ.

ಇಲಿನಾಯ್ ರಾಜ್ಯದ ಗ್ಲೆನ್‌ವ್ಯೂ ಎಂಬಲ್ಲಿ 'ಎಸ್ಕ್ವಯರ್' ಪತ್ರಿಕೆಯ ಪ್ರಕಾಶಕನಾದ ಡೇವಿಡ್ ಸ್ಮಾರ್ಟ್ ಎಂಬಾತನು ಕಟ್ಟಿಸಿದ್ದ ಕೊರೊನೆಟ್ ಸ್ಟುಡಿಯೋ ಇವುಗಳ ದೊಡ್ಡ ಕಾರ್ಖಾನೆ. ಅಲ್ಲಿ ತಯಾರಾದ ಚಿತ್ರದ ಆರಂಭದಲ್ಲಿ ಯಾವುದಾದರೊಂದು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರ ಹೆಸರು ಸಲಹೆಗಾರರೆಂದು ಕಾಣಿಸುವುದು ವಾಡಿಕೆ. 1947ರ 'ಶೈ ಗೈ', ಎಂದರೆ ನಾಚಿಕೆಯ ಹುಡುಗ, ಈ ಬಗೆಯ ಚಿತ್ರಗಳಲ್ಲಿ ಪ್ರಸಿದ್ಧವಾದುದು. ಹೊಸ ಊರಿನ ಶಾಲೆಗೆ ಬಂದ ಫಿಲ್ ಎಂಬ ಹುಡುಗನಿಗೆ ಗೆಳೆಯರಿಲ್ಲ. ಮನೆಯ ನೆಲಮಾಳಿಗೆಯಲ್ಲಿ ರೇಡಿಯೋ ಉಪಕರಣಗಳೊಡನೆ ಒಂಟಿಯಾಗಿ ಕುಳಿತಿರುತ್ತಾನೆ. ತಂದೆ ಅವನ ಬಳಿಗೆ ಬಂದು, ಶಾಲೆಯಲ್ಲಿ ಎಲ್ಲರಿಗೂ ಮೆಚ್ಚಿಗೆಯಾದವರು ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ಗಮನಿಸೆಂದು ಬುದ್ಧಿ ಹೇಳುತ್ತಾನೆ. ಹುಡುಗ ಗಮನಿಸುತ್ತಾನೆ, ಅನುಕರಿಸುತ್ತಾನೆ, ಕಡೆಗೆ ತನ್ನ ರೇಡಿಯೋ ಜ್ಞಾನದಿಂದಲೇ ಗುಂಪಿಗೆ ಬೇಕಾದವನಾಗುತ್ತಾನೆ. ಫಿಲ್‌ನ ಪಾತ್ರ ವಹಿಸಿದ ಡಿಕ್ ಯಾರ್ಕ್ ಮುಂದೆ ದೂರದರ್ಶನದ ಹೆಸರಾಂತ ನಟನಾದನು. ಈ ಚಿತ್ರವನ್ನು ನಾವು ಹಗುರವಾಗಿ ಕಾಣಲಾರೆವು. ಮಗ ಒಂಟಿಯಾಗಿರುವುದನ್ನು ತಂದೆಯೊಬ್ಬನು ಕಂಡು, ಮೆಟ್ಟಲಿಳಿದು ಬಂದು ಪಕ್ಕದಲ್ಲಿ ಕುಳಿತುಕೊಳ್ಳುವ ಆ ದೃಶ್ಯದಲ್ಲಿ ಸತ್ಯವಿದೆ. ನಮ್ಮ ಎಷ್ಟು ಮನೆಗಳಲ್ಲಿ ತಂದೆ ಹಾಗೆ ಕುಳಿತುಕೊಳ್ಳುತ್ತಾನೆ?

ಅದೇ ವರ್ಷದ 'ಆರ್ ಯೂ ಪಾಪ್ಯುಲರ್?' ಎಂಬ ಚಿತ್ರ ನಮ್ಮನ್ನು ಕದಡಿತು. ಕ್ಯಾರೊಲಿನ್ ಅಚ್ಚುಕಟ್ಟಾದ ಹುಡುಗಿ. ಎಲ್ಲರೊಡನೆ ನಗುಮುಖದಿಂದ ಮಾತನಾಡುವವಳು. ತಂದೆತಾಯಿಗಳ ಅನುಮತಿಯಿಲ್ಲದೆ ಎಲ್ಲಿಗೂ ಹೋಗದವಳು. ಅವಳನ್ನು ಎಲ್ಲರೂ ಬಯಸುತ್ತಾರೆ. ಜಿನ್ನಿ ಎಂಬಾಕೆ ಹುಡುಗರೊಡನೆ ಕಾರಿನಲ್ಲಿ ತಿರುಗಾಡುವವಳು. ಅವಳು ಸಹಪಾಠಿಗಳ ಬಳಿಗೆ ಬಂದಾಗ ಯಾರೂ ಆದರಿಸುವುದಿಲ್ಲ. ಅವಳೊಡನೆ ತಿರುಗಾಡಿದ ಹುಡುಗರನ್ನು ಚಿತ್ರ ಒಂದು ಮಾತೂ ಕೇಳುವುದಿಲ್ಲ. ಹತ್ತು ನಿಮಿಷ ಮುಗಿಯುವವರೆಗೂ ಯಾರಾದರೊಬ್ಬರು ಎದ್ದು ಹೋಗಿ ಜಿನ್ನಿಯ ಪಕ್ಕದಲ್ಲಿ ಕುಳಿತಾರೆಂದು ನಾವು ಕಾಯುತ್ತಿದ್ದೆವು. ಸುಂಕವಸೂಲಿಯವರೊಡನೆ ಊಟಕ್ಕೆ ಕುಳಿತ ಪ್ರಭುವಿನ ಹೆಸರನ್ನು ಹೊತ್ತ ನಮ್ಮ ಮಕ್ಕಳಿಗೆ ಇದನ್ನು ಸಚ್ಚಾರಿತ್ರ್ಯದ ಪಾಠವೆಂದು ತೋರಿಸುವುದು ಹೇಗೆ?

1950ರ 'ಎ ಡೇಟ್ ವಿತ್ ಯುವರ್ ಫ್ಯಾಮಿಲಿ' ಕುಟುಂಬದ ರಾತ್ರಿಯೂಟವನ್ನು ಕುರಿತದ್ದು. ಗಂಡಸರ ಕಣ್ಣಿಗೆ ಹಿತವಾಗಿ ಕಾಣಬೇಕೆಂದು ತಾಯಿಯೂ ಮಗಳೂ ಊಟಕ್ಕೆ ಮುನ್ನ ಉಡುಪು ಬದಲಿಸಿಕೊಳ್ಳುತ್ತಾರೆ. ಮೇಜಿನ ಮುಂದೆ ಯಾರೂ ಮನಸ್ಸಿಗೆ ಕಿರಿಕಿರಿಯಾಗುವ ಮಾತನ್ನಾಡಕೂಡದು. ಶಾಲೆಯಲ್ಲಿ ಪೆಟ್ಟು ತಿಂದು ಬಂದ ಮಗು ಆ ಮನೆಯಲ್ಲಿ ಅದನ್ನು ಯಾರಿಗೆ ಹೇಳಿಕೊಳ್ಳಬೇಕೋ ತಿಳಿಯದು. ಹಾಗೆಂದು ಸಣ್ಣಪುಟ್ಟ ಶಿಷ್ಟಾಚಾರವನ್ನು ಕಲಿಸುವ ಚಿತ್ರಗಳನ್ನು ನಾವು ಹಳಿಯುವುದಿಲ್ಲ. ಕೈತೊಳೆಯದೆ, ಸಾಲು ಮುರಿದು, ಎಲ್ಲರ ಪಾಲನ್ನೂ ಬಾಚಿಕೊಳ್ಳುವ ಬಂಗಲ್ ಎಂಬ ಗೊಂಬೆಯ ಕಥೆಯುಳ್ಳ ಕೊರೊನೆಟ್ ಸಂಸ್ಥೆಯ ಚಿತ್ರವೊಂದನ್ನು ನಮ್ಮ ಕೆಲವು ಮಕ್ಕಳಿಗೆ ತೋರಿಸಿದಾಗ ಅವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆ ಸಂಜೆ ದೇವಾಲಯದ ನಲ್ಲಿಯ ಬಳಿ ಎಂದೂ ಇಲ್ಲದ ನೂಕುನುಗ್ಗಲು. ಕೈತೊಳೆಯುವುದನ್ನು ತೆರೆ ಕಲಿಸಬಲ್ಲುದು.

ಆದರೆ ಈ ಚಿತ್ರಗಳಲ್ಲಿ ಬಹುಪಾಲಿನ ಒಳಗೆ ಒಂದೇ ಲೆಕ್ಕಾಚಾರ ನಡೆದಿರುತ್ತದೆ. ಒಳ್ಳೆಯವನಾಗು, ನಾಲ್ವರು ನಿನ್ನನ್ನು ಮೆಚ್ಚುವರು. ಸತ್ಯ ಹೇಳು, ನಿನಗೆ ಪದವಿ ಸಿಗುವುದು. ಅಚ್ಚುಕಟ್ಟಾಗಿರು, ಔತಣಕ್ಕೆ ಕರೆ ಬರುವುದು. ಒಳ್ಳೆಯತನಕ್ಕೆ ಬೆಲೆ ತೆರಬೇಕಾಗಿ ಬಂದವರು ನಾವು ನೋಡಿದ ಚಿತ್ರಗಳಲ್ಲಿ ಬಹಳ ವಿರಳ. ನಮ್ಮ ಕನ್ನಡದ ಮಕ್ಕಳು ತಲೆತಲಾಂತರದಿಂದ ಕೇಳಿಕೊಂಡು ಬಂದಿರುವ ಪುಣ್ಯಕೋಟಿಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕರುವಿಗೆ ಹಾಲೂಡಿಸಿ, ಅದನ್ನು ಅಕ್ಕತಂಗಿಯರಿಗೆ ಒಪ್ಪಿಸಿ ಹುಲಿಯ ಗವಿಗೆ ಹಿಂದಿರುಗುವಾಗ ಆ ಹಸುವಿಗೆ ಯಾವ ಬಹುಮಾನದ ನಿರೀಕ್ಷೆಯೂ ಇರಲಿಲ್ಲ. ಅದು ಸಾಯಲೆಂದೇ ಹೋಯಿತು. ಮುಂದೆ ಹುಲಿ ಏನು ಮಾಡಿತೆಂಬುದು ಹಸುವಿಗೆ ತಿಳಿದಿರಲಿಲ್ಲ. ಆ ಹಾಡನ್ನು ಕೇಳುವ ಮಗು ಅಳುವುದು ಅಲ್ಲಿಯೇ, ಹುಲಿ ಬದಲಾಗುವುದಕ್ಕೆ ಮುಂಚೆ. ಬಲಿಪೀಠದ ಮೇಲೆ ಶಿಲುಬೆಯನ್ನಿಟ್ಟುಕೊಂಡಿರುವ ನಾವು, ಸದ್ಗುಣಕ್ಕೆ ಸೈಕಲ್ ಸಿಗುವುದೆಂದು ಹೇಗೆ ತಾನೆ ಕಲಿಸಬಲ್ಲೆವು?

ಇನ್ನೊಂದು ಮೌನವನ್ನೂ ಗಮನಿಸಬೇಕು. ನೆರೆಹೊರೆಯವರನ್ನು ಪ್ರೀತಿಸಬೇಕೆಂದು, ಎಲ್ಲರನ್ನೂ ಆಟಕ್ಕೆ ಸೇರಿಸಿಕೊಳ್ಳಬೇಕೆಂದು ಸಾರುವ ಈ ಚಿತ್ರಗಳಲ್ಲಿ ಕಾಣುವ ಮುಖಗಳೆಲ್ಲ ಬಹುಮಟ್ಟಿಗೆ ಬಿಳಿಯರವೇ. ಕರಿಯ ಮಕ್ಕಳನ್ನು ಪ್ರತ್ಯೇಕ ಶಾಲೆಗಳಲ್ಲಿ ಇಡುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟುದು 1954ರಲ್ಲಿ. ಆ ತೀರ್ಪಿನ ಮುಂಚೆಯೂ ಅನಂತರದ ವರ್ಷಗಳಲ್ಲಿಯೂ ತೆರೆಯ ಮೇಲಿನ ಊರಿನಲ್ಲಿ ಅಂಥ ಮಗುವೊಂದು ಇದೆಯೆಂಬ ಸುಳಿವೇ ವಿರಳ. ನಾವು ಯಾವ ಚಿತ್ರವನ್ನು ಆರಿಸಿದರೂ, ಅದರಲ್ಲಿ ಕಾಣದಿರುವ ನಮ್ಮ ಬೀದಿಯ ಮಗು ಯಾವುದೆಂದು ಒಮ್ಮೆ ಕೇಳಿಕೊಳ್ಳುವುದು ಒಳಿತು.

ಈಗ ಹೇಳಬೇಕಾಗಿರುವ ಸಂಗತಿ ನಮಗೆ ಸುಲಭವಾದುದಲ್ಲ. ಆದರೂ ಶತಮಾನೋತ್ಸವದ ಸಂತೋಷದಲ್ಲಿ ಅದನ್ನು ಮುಚ್ಚಿಡುವುದು ಸರಿಯಲ್ಲ. ಹೆದರಿಸಿ ತಿದ್ದುವ ಚಿತ್ರಗಳೂ ಆಗ ತಯಾರಾದವು. ಸಿಡ್ ಡೇವಿಸ್ ಎಂಬಾತನು ಪ್ರಸಿದ್ಧ ನಟ ಜಾನ್ ವೇನ್‌ಗೆ ಬದಲಿ ನಿಲ್ಲುವ ಕೆಲಸ ಮಾಡುತ್ತಿದ್ದವನು. 1949ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಪುಟ್ಟ ಬಾಲಕಿಯೊಬ್ಬಳ ಕೊಲೆಯಾದಾಗ ಮನನೊಂದು, ವೇನ್‌ನಿಂದ ಸಾವಿರ ಡಾಲರ್ ಪಡೆದು, ಅಪರಿಚಿತರನ್ನು ನಂಬಬೇಡಿರೆಂದು ಮಕ್ಕಳಿಗೆ ಎಚ್ಚರಿಕೆ ಕೊಡುವ ಚಿತ್ರವನ್ನು ತೆಗೆದನು. ಆ ಬಳಿಕ ಅಂಥವನ್ನು ನೂರಕ್ಕೂ ಮಿಕ್ಕಿ ತಯಾರಿಸಿದನು. ಉದ್ದೇಶ ಕೆಟ್ಟದ್ದೆನ್ನಲಾಗದು. ಆದರೆ 1961ರ 'ಬಾಯ್ಸ್ ಬಿವೇರ್' ಎಂಬ ಚಿತ್ರದಲ್ಲಿ ಸಲಿಂಗಾನುರಾಗಿಗಳೆಲ್ಲರೂ ರೋಗಿಗಳೆಂದೂ ಬಾಲಕರಿಗೆ ಅಪಾಯಕಾರಿಗಳೆಂದೂ ಬಿಂಬಿಸಲಾಯಿತು. ಅಮೆರಿಕದ ಮನೋವೈದ್ಯರ ಸಂಘವೇ 1973ರಲ್ಲಿ ಅದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಒಂದು ವರ್ಗದ ಜನರ ಮೇಲೆ ಹೊರಿಸಿದ ಆ ಅಪವಾದವನ್ನು ತರಗತಿಗಳಲ್ಲಿ ಕುಳಿತು ನೋಡಿದ ಮಕ್ಕಳಲ್ಲಿ ಎಷ್ಟು ಮಂದಿ ಮುದುಡಿಹೋದರೋ ದೇವರೇ ಬಲ್ಲ.

ಅಪಾಯವೆಂಬುದು ಯಾವಾಗಲೂ ಬೀದಿಯ ಕೊನೆಯಲ್ಲಿ ಕಾರು ನಿಲ್ಲಿಸಿಕೊಂಡ ಅಪರಿಚಿತನ ರೂಪದಲ್ಲಿ ಬರುವುದೆಂದು ಆ ಚಿತ್ರಗಳು ಕಲಿಸಿದವು. ಮಗುವನ್ನು ನೋಯಿಸುವವರು ಬಹಳ ಸಲ ಮಗುವಿಗೆ ಪರಿಚಿತರು, ಮನೆಯವರು ನಂಬಿದವರು. ನಮ್ಮ ಧರ್ಮಸಭೆ ಈ ಸತ್ಯವನ್ನು ನಾಚಿಕೆಯಿಂದ ಕಲಿಯಬೇಕಾಯಿತು. 2002ರಲ್ಲಿ ಬಾಸ್ಟನ್ ನಗರದ ಪತ್ರಿಕೆಯೊಂದು ಗುರುಗಳಿಂದ ಮಕ್ಕಳಿಗಾದ ಅನ್ಯಾಯವನ್ನೂ ಅದನ್ನು ಮುಚ್ಚಿಟ್ಟ ಬಗೆಯನ್ನೂ ಹೊರಗೆಡವಿತು. 2019ರಲ್ಲಿ ಜಗದ್ಗುರು ಫ್ರಾನ್ಸಿಸರು, ಇಂಥ ದೂರುಗಳನ್ನು ಮೇಲಿನವರಿಗೆ ವರದಿಮಾಡುವುದು ಗುರುಗಳಿಗೂ ಧಾರ್ಮಿಕ ಸಭೆಗಳವರಿಗೂ ಕಡ್ಡಾಯವೆಂದು ವಿಧಿಸಿದರು. ನಮ್ಮ ದೇಶದಲ್ಲಿ 2012ರ ಪೋಕ್ಸೋ ಕಾಯಿದೆ ಎಲ್ಲರ ಮೇಲೂ ಆ ಹೊಣೆಯನ್ನು ಹೊರಿಸಿದೆ. ಈ ವಿಷಯದಲ್ಲಿ ಚೈಲ್ಡ್‌ಲೈನ್ ಸಂಸ್ಥೆಯ 'ಕೋಮಲ್' ಎಂಬ ಸಣ್ಣ ಚಿತ್ರ ಆ ಹಳೆಯ ಚಿತ್ರಗಳಿಗಿಂತ ಎಷ್ಟೋ ಮೇಲು. ಅದರಲ್ಲಿ ಕೆಡುಕು ಮಾಡುವವನು ಪಕ್ಕದ ಮನೆಯಾತ, ಮನೆಮಂದಿಗೆಲ್ಲ ಬೇಕಾದವನು. ಮಗು ತಾಯಿಯೊಡನೆ ಹೇಳಿಕೊಳ್ಳುತ್ತದೆ, ತಾಯಿ ನಂಬುತ್ತಾಳೆ. ಸಮಿತಿಯವರು ತೆರೆ ತಂದುಕೊಟ್ಟ ದಿನ ಮೊದಲು ತೋರಿಸಬೇಕಾದುದು ಇದನ್ನು, ಪಾಲಕರಿಗೂ ಸೇರಿಸಿ. 1098 ಎಂಬ ಸಂಖ್ಯೆಯನ್ನು ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಕಾಣುವ ಎತ್ತರದಲ್ಲಿ ಬರೆಸಿ.

ಇಷ್ಟು ಹೇಳಿದ ಮೇಲೆ ನಾವು ಚಿತ್ರಗಳಿಗೆ ವಿರೋಧಿಗಳೆಂದು ತಾವು ಭಾವಿಸಿರಬಹುದು. ಹಾಗಲ್ಲ. ನಮ್ಮ ಮನಸ್ಸನ್ನು ತಿರುಗಿಸಿದ ಚಿತ್ರಗಳೂ ಅದೇ ಕಾಲದವೇ. ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ 1947ರಲ್ಲಿ ಸ್ಥಾಪನೆಯಾದ ಸೆಂಟ್ರಾನ್ ಎಂಬ ಸಂಸ್ಥೆ, 1950ರ ದಶಕದಲ್ಲಿ ಯಂಗ್ ಅಮೆರಿಕ ಫಿಲ್ಮ್ಸ್ ಎಂಬ ಪ್ರಕಾಶನದವರಿಗಾಗಿ ಸಹಜೀವನದ ಸಮಸ್ಯೆಗಳನ್ನು ಕುರಿತ ಚಿತ್ರಮಾಲೆಯೊಂದನ್ನು ತಯಾರಿಸಿತು. ದೊಡ್ಡ ನಟರಿಲ್ಲ, ಪಾತ್ರಧಾರಿಗಳಲ್ಲಿ ಹಲವರು ಆಸುಪಾಸಿನ ಸಾಮಾನ್ಯ ಜನ. ಅಲ್ಲಿನ ನಿರ್ದೇಶಕರಲ್ಲಿ ಒಬ್ಬನಾದ ಹರ್ಕ್ ಹಾರ್ವೆ 1962ರಲ್ಲಿ ಒಂದು ದೆವ್ವದ ಚಿತ್ರವನ್ನೂ ತೆಗೆದು ಖ್ಯಾತನಾದನೆಂಬುದು ಬೇರೆ ಮಾತು. ಈ ಮಾಲೆಯ ವಿಶೇಷವೆಂದರೆ, ಚಿತ್ರಗಳಿಗೆ ಮುಕ್ತಾಯವಿಲ್ಲ. ಕಥೆ ಗಂಟು ಬಿಗಿದುಕೊಂಡ ಕಡೆಯಲ್ಲಿಯೇ ಚಿತ್ರ ನಿಂತು, ಇದಕ್ಕೆ ನೀವೇನನ್ನುತ್ತೀರೆಂದು ನೋಡುವವರನ್ನೇ ಕೇಳುತ್ತದೆ.

1952ರ 'ಚೀಟಿಂಗ್' ಇವುಗಳಲ್ಲಿ ಒಂದು. ಬೀಜಗಣಿತದಲ್ಲಿ ಹಿಂದುಳಿದ ಜಾನ್ ಎಂಬ ಹುಡುಗ ಸಹಪಾಠಿಯಾದ ಮೇರಿಯ ಉತ್ತರಗಳನ್ನು ನಕಲು ಮಾಡುತ್ತಾನೆ. ಅವನು ವಿದ್ಯಾರ್ಥಿ ಮಂಡಳಿಗೆ ಚುನಾಯಿತನಾದವನು. ಸಿಕ್ಕಿಬಿದ್ದ ಮೇಲೆ ಅವನನ್ನು ಮಂಡಳಿಯಲ್ಲಿ ಇರಿಸಿಕೊಳ್ಳಬೇಕೆ ಬೇಡವೆ ಎಂಬ ಪ್ರಶ್ನೆ ಏಳುತ್ತದೆ. ಕತ್ತಲೆಯ ಕೋಣೆಯಲ್ಲಿ ಕುಳಿತ ಹುಡುಗನ ಮುಖವನ್ನು ನಾವು ಇನ್ನೂ ಮರೆತಿಲ್ಲ. ಇದನ್ನು ನೋಡಿದ ರಾತ್ರಿ ನಮ್ಮೊಳಗೇ ಒಂದು ಗಂಟೆ ವಾದ ನಡೆಯಿತು. ತಪ್ಪು ಜಾನನದೊಂದೇ ಅಲ್ಲ, ಉತ್ತರ ತೋರಿಸಿದ ಮೇರಿಯದೂ ಹೌದೆಂದು ಒಬ್ಬರು. ಗೆಳೆತನದ ಒತ್ತಾಯಕ್ಕೆ ಸಿಕ್ಕಿದ ಆ ಹುಡುಗಿ ಏನು ಮಾಡಬೇಕಾಗಿತ್ತೆಂದು ಇನ್ನೊಬ್ಬರು. ಅಧ್ಯಾಪಕಿ ಮೊದಲೇ ಏಕೆ ಅವನನ್ನು ಕರೆದು ಕೇಳಲಿಲ್ಲವೆಂದು ಮತ್ತೊಬ್ಬರು. ಪಾಪನಿವೇದನೆ ಮಾಡಿ ಕ್ಷಮೆ ಪಡೆದವನಿಗೆ ಪದವಿಯನ್ನು ಮರಳಿ ಕೊಡಬೇಕೇ ಎಂಬಲ್ಲಿಗೆ ವಾದ ಬಂದು ನಿಂತಿತು. ಅದು ಇನ್ನೂ ತೀರ್ಮಾನವಾಗಿಲ್ಲ. 1958ರ 'ದಿ ಸ್ನಾಬ್' ಎಂಬುದರಲ್ಲಿ ಓದಿನಲ್ಲಿ ಮುಂದಿರುವ ಹುಡುಗಿಯೊಬ್ಬಳು ಇತರರನ್ನು ಕೀಳಾಗಿ ಕಾಣುತ್ತಾಳೆ, ಇತರರು ಅವಳನ್ನು ದೂರವಿಡುತ್ತಾರೆ. ಯಾರಿಂದ ಮೊದಲಾಯಿತೆಂದು ಚಿತ್ರ ತೀರ್ಪು ಕೊಡುವುದಿಲ್ಲ. ಹತ್ತು ವರ್ಷ ಹಿಂದಿನ ಜಿನ್ನಿಗೆ ದೊರೆಯದಿದ್ದ ನ್ಯಾಯ ಈ ಹುಡುಗಿಗೆ ಅಷ್ಟಿಷ್ಟು ದೊರೆಯಿತೆಂದು ನಮಗೆ ಸಮಾಧಾನವಾಯಿತು.

ಈ ವಿಧಾನ ನಮಗೆ ಹೊಸದೇ? ಸಂತ ಲೂಕನ ಶುಭಸಂದೇಶವನ್ನು ತೆರೆದು ನೋಡಬಹುದು. ಕಳ್ಳರ ಕೈಗೆ ಸಿಕ್ಕವನ ಕಥೆಯನ್ನು ಹೇಳಿ ಮುಗಿಸಿದ ಪ್ರಭು, ಮೂವರಲ್ಲಿ ಯಾರು ನೆರೆಯವನಾದನೆಂದು ಕೇಳಿದವನನ್ನೇ ಕೇಳುತ್ತಾರೆ; ಉತ್ತರವನ್ನು ಅವನ ಬಾಯಿಂದಲೇ ಹೊರಡಿಸುತ್ತಾರೆ. ದುಂದುಗಾರ ಮಗನ ಕಥೆಯಲ್ಲಿ ಹಿರಿಯ ಮಗ ಹೊರಗೆ ನಿಂತಿದ್ದಾನೆ, ತಂದೆ ಬಂದು ಬೇಡಿಕೊಂಡಿದ್ದಾನೆ. ಅವನು ಒಳಗೆ ಹೋದನೋ ಇಲ್ಲವೋ ಶುಭಸಂದೇಶ ಹೇಳುವುದೇ ಇಲ್ಲ. ಎರಡು ಸಾವಿರ ವರ್ಷಗಳಿಂದ ಕೇಳುವವನೇ ಆ ಬಾಗಿಲಲ್ಲಿ ನಿಂತಿದ್ದಾನೆ. ಪ್ರವಾದಿ ನಾತಾನನು ದಾವೀದ ಅರಸನಿಗೆ ಬಡವನ ಕುರಿಮರಿಯ ಕಥೆ ಹೇಳಿದಾಗಲೂ, ಕಥೆ ಕೇಳಿ ಸಿಟ್ಟಾದವನು ಅರಸನೇ; ಆ ಸಿಟ್ಟನ್ನು ಅವನ ಕಡೆಗೇ ತಿರುಗಿಸಿದವನು ಎದುರಿಗೆ ನಿಂತ ಪ್ರವಾದಿ. ಕಥೆಯನ್ನು ಹೇಳಿಬಿಟ್ಟು ನಾತಾನನು ಹೊರಟುಹೋಗಿದ್ದರೆ ದಾವೀದನು ಅರಮನೆಯಲ್ಲಿ ಇನ್ನಾರದೋ ಮೇಲೆ ಸಿಟ್ಟುಮಾಡಿಕೊಂಡೇ ಕುಳಿತಿರುತ್ತಿದ್ದನು.

ತಾಂತ್ರಿಕವಾದ ಒಂದು ಸಣ್ಣ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಆ ಚಿತ್ರಗಳು 16 ಮಿಲಿಮೀಟರಿನ ಫಿಲ್ಮಿನಲ್ಲಿ ಇರುತ್ತಿದ್ದವು. ನಾನೂರು ಅಡಿಯ ಒಂದು ಸುರುಳಿ, ಸೆಕೆಂಡಿಗೆ 24 ಚಿತ್ರಗಳ ವೇಗದಲ್ಲಿ, ಹನ್ನೊಂದು ನಿಮಿಷಗಳಿಗೆ ತೀರಿಹೋಗುತ್ತದೆ. ಮುಕ್ಕಾಲು ಗಂಟೆಯ ಪಾಠದಲ್ಲಿ ಮಿಕ್ಕ ಅರ್ಧ ಗಂಟೆ ಉಪಾಧ್ಯಾಯರದು. ಚಿತ್ರದೊಡನೆ ಚರ್ಚೆಗೆ ಬೇಕಾದ ಪ್ರಶ್ನೆಗಳ ಕೈಪಿಡಿಯೂ ಬರುವುದಿತ್ತು. ಇಂದಿನ ತೆರೆಗೆ ಸುರುಳಿಯಿಲ್ಲ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ಆರಂಭವಾಗುತ್ತದೆ. ಮಗುವಿಗೆ ಪ್ರಶ್ನೆ ಹುಟ್ಟುವ ಹೊತ್ತಿಗೆ ಮುಂದಿನ ಹಾಡು ಬಂದಿರುತ್ತದೆ.

ಆ ಚಿತ್ರಗಳ ಯುಗ ಸುಮಾರು 1970ರ ಹೊತ್ತಿಗೆ ಮುಗಿಯಿತು. ವಿಯೆಟ್ನಾಂ ಯುದ್ಧವನ್ನೂ ಬೀದಿಯ ಹೋರಾಟಗಳನ್ನೂ ಕಂಡ ತರುಣರಿಗೆ ಆ ಅಚ್ಚುಕಟ್ಟಾದ ಊಟದ ಮೇಜು ನಗೆಪಾಟಲಾಗಿ ತೋರಿತು. ವಿಡಿಯೋ ಬಂದ ಮೇಲೆ ಶಾಲೆಗಳು ಸುರುಳಿಗಳನ್ನು ಹೊರಹಾಕಿದವು. ರಿಕ್ ಪ್ರೆಲಿಂಗರ್ ಎಂಬವರು 1980ರ ದಶಕದ ಆರಂಭದಿಂದ ಅವುಗಳನ್ನು ಕೂಡಿಹಾಕತೊಡಗಿದರು; ಆ ಸಂಗ್ರಹ 2002ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತು. 1990ರ ದಶಕದ ದೂರದರ್ಶನದ ಹಾಸ್ಯ ಕಾರ್ಯಕ್ರಮವೊಂದು ಇವನ್ನು ತೋರಿಸಿ ಜನರನ್ನು ನಗಿಸಿತು. ನಾವೂ ನಕ್ಕೆವು. ನಕ್ಕ ಮೇಲೆ, ಇನ್ನು ಅರುವತ್ತು ವರ್ಷಗಳಲ್ಲಿ ನಮ್ಮ ನೀತಿಚಿತ್ರಗಳನ್ನು ನೋಡಿ ಯಾರು ನಗುವರೋ ಎಂಬ ಯೋಚನೆಯೂ ಬಾರದಿರಲಿಲ್ಲ.

ಸಮಿತಿಯವರಿಗೆ ನಮ್ಮ ಉತ್ತರ ಇದು. ತೆರೆ ಬರಲಿ, ಯಂತ್ರವೂ ಬರಲಿ. ಚಿತ್ರ ಹನ್ನೊಂದು ನಿಮಿಷವನ್ನು ಮೀರದಿರಲಿ. ಮಿಕ್ಕ ಹೊತ್ತು ಮಾತುಕತೆಗೆ ಮೀಸಲಾಗಿರಲಿ. ತೋರಿಸುವ ಉಪದೇಶಕರು ಮುಂಚೆಯೇ ಒಮ್ಮೆ ನೋಡಿರಬೇಕು, ಹಾಜರಿ ಪುಸ್ತಕವನ್ನು ಅಂದು ಮನೆಯಲ್ಲಿ ಬಿಟ್ಟುಬರಬೇಕು. ಸಮಿತಿಯು ಯಂತ್ರಕ್ಕೆ ತೆಗೆದಿರಿಸಿರುವ ಹಣದಲ್ಲಿ ಒಂದು ಪಾಲನ್ನು ಉಪದೇಶಕರ ತರಬೇತಿಗೆ ಮೀಸಲಿಡಬೇಕೆಂದು ನಾವು ಕೈಮುಗಿದು ಬೇಡುತ್ತೇವೆ. ತೆರೆ ಚಿಕ್ಕದಾದರೂ ಚಿಂತೆಯಿಲ್ಲ. ಪಾಲಕರಲ್ಲಿಯೂ ಒಂದು ವಿನಂತಿ. ಪ್ರತಿ ವಾರವೂ ಸರದಿಯಂತೆ ನಿಮ್ಮಲ್ಲಿ ಇಬ್ಬರು ಬಂದು ಮಕ್ಕಳ ನಡುವೆ ಕುಳಿತುಕೊಳ್ಳಿ. ಮಕ್ಕಳು ನಮ್ಮನ್ನು ಕೇಳಲಾಗದ ಪ್ರಶ್ನೆಯನ್ನು ಮನೆಗೆ ಹೋಗುವ ದಾರಿಯಲ್ಲಿ ನಿಮ್ಮನ್ನು ಕೇಳಿಯಾರು.

ಬರುವ ಭಾನುವಾರ ಎರಡನೆಯ ಬಲಿಪೂಜೆಯ ಬಳಿಕ 'ಚೀಟಿಂಗ್' ಚಿತ್ರವನ್ನು ತೋರಿಸಿ, ನಡುನಡುವೆ ಕನ್ನಡದಲ್ಲಿ ವಿವರಿಸಬೇಕೆಂದಿದ್ದೇವೆ. ಸೈಕಲ್ಲಿನ ಪ್ರಶ್ನೆ ಕೇಳಿದ ಹುಡುಗ ಈಗ ಏಳನೆಯ ತರಗತಿಯಲ್ಲಿದ್ದಾನೆ. ಈ ನಡುವೆ ಧರ್ಮೋಪದೇಶಕ್ಕೆ ಅಷ್ಟಾಗಿ ಬರುತ್ತಿಲ್ಲ. ಮೊನ್ನೆ ಅವನ ಮನೆಗೆ ಹೋಗಿ, ಅಂದು ನಾವು ನಿನಗೆ ಉತ್ತರ ಕೊಡಲಿಲ್ಲ, ತಪ್ಪಾಯಿತು ಎಂದೆವು. ಅವನಿಗೆ ನೆನಪಿತ್ತು. ಬರುತ್ತೇನೆಂದಿದ್ದಾನೆ.